ವರದಿ ಬಂದ ಮೇಲೆ, ಕಾಲ್ಪೊಸ್ಕೊಪಿಗೆ ಮೊದಲು

ಗುರುತು ಸಿಗದಂತೆ ವಯಸ್ಸು, ಊರು, ಮನೆಯ ವಿವರಗಳನ್ನು ಬದಲಿಸಲಾಗಿದೆ.

ಕುಂದಾಪುರ ಕಡೆಯ 38 ವರ್ಷದ ಗೃಹಿಣಿ. ಗಂಡ ಗಲ್ಫ್‌ನಲ್ಲಿ, ಮನೆಯಲ್ಲಿ ಅತ್ತೆ, ಇಬ್ಬರು ಮಕ್ಕಳು. ಉಡುಪಿಯಲ್ಲಿ ಮಾಡಿಸಿದ ಪ್ಯಾಪ್ ಪರೀಕ್ಷೆಯ (ಗರ್ಭಕಂಠದ, ಅಂದರೆ ಗರ್ಭಕೋಶದ ಬಾಯಿಯ ಜೀವಕೋಶಗಳನ್ನು ತೆಗೆದು ನೋಡುವ ಪರೀಕ್ಷೆ) ವರದಿ ವಾಟ್ಸ್‌ಆ್ಯಪ್‌ಗೆ ಬಂತು: ಎಲ್‌ಎಸ್‌ಐಎಲ್, ಎಚ್‌ಪಿವಿ ಪಾಸಿಟಿವ್ (ಲೈಂಗಿಕ ಸಂಪರ್ಕದಿಂದ ಹರಡುವ ವೈರಸ್ ಇದೆ ಎಂದರ್ಥ). ಅರ್ಥ ಹೇಳುವವರು ಎದುರಿಗಿರಲಿಲ್ಲ. ಅಂದಿನಿಂದ ನಿದ್ದೆಯಿಲ್ಲ, ಊಟ ಸೇರದು, ನಡುರಾತ್ರಿಯವರೆಗೆ ಫೋನಿನಲ್ಲಿ ಹುಡುಕಾಟ. ಮುಂದಿನ ಹಂತವಾದ ಕಾಲ್ಪೊಸ್ಕೊಪಿಗೆ (ಗರ್ಭಕಂಠವನ್ನು ದೊಡ್ಡದಾಗಿ ತೋರಿಸುವ ಉಪಕರಣದಲ್ಲಿ ನೋಡುವ ಪರೀಕ್ಷೆ) ಕೊಟ್ಟ ದಿನವನ್ನು ಮನೆಯಲ್ಲಿ ಪೂಜೆ ಇದೆ ಎಂದು ಮುಂದೂಡಿದ್ದರು. ಆತಂಕ ಅಳೆಯುವ ಜಿಎಡಿ-7 ಪ್ರಶ್ನಾವಳಿಯಲ್ಲಿ 21ಕ್ಕೆ 14 ಅಂಕ; 10 ಅಥವಾ ಹೆಚ್ಚು ಬಂದರೆ ಆತಂಕವನ್ನು ಇನ್ನಷ್ಟು ಪರಿಶೀಲಿಸಬೇಕು.

ಅವರ ಮಟ್ಟಿಗೆ ವರದಿಗಿಂತ ದೊಡ್ಡ ಅಪಾಯ ಆ ಮುಂದೂಡಿಕೆ. ಹೆದರಿದವರು ಪರೀಕ್ಷೆ ತಪ್ಪಿಸುತ್ತಾರೆ, ತಪ್ಪಿಸಿದಷ್ಟೂ ಹೆದರಿಕೆ ಬೆಳೆಯುತ್ತದೆ. ಹಾಗಾಗಿ ನಮ್ಮ ಆಪ್ತಸಮಾಲೋಚನೆಯ ಮೊದಲ ಭೇಟಿಯ ಗುರಿ ಒಂದೇ: ಹೊಸ ದಿನಾಂಕಕ್ಕೆ ಅವರು ಹೋಗಬೇಕು.

ವರದಿಯ ಪದವನ್ನು ಬಿಡಿಸಿ ಹೇಳಲಾಯಿತು. ಎಲ್‌ಎಸ್‌ಐಎಲ್ ಎಂದರೆ ಗರ್ಭಕಂಠದ ಮೇಲ್ಪದರದ ಜೀವಕೋಶಗಳಲ್ಲಿ ಸಣ್ಣ ಮಟ್ಟದ ಬದಲಾವಣೆ, ಕ್ಯಾನ್ಸರ್ ಅಲ್ಲ. ಎಚ್‌ಪಿವಿ ಸೋಂಕು ಹೆಚ್ಚಿನವರಲ್ಲಿ ಒಂದೆರಡು ವರ್ಷದೊಳಗೆ ತಾನಾಗಿ ಹೋಗುತ್ತದೆ. ಉಳಿದುಕೊಂಡರೂ ರೋಗನಿರೋಧಕ ಶಕ್ತಿ ಸರಿಯಿರುವವರಲ್ಲಿ ಕ್ಯಾನ್ಸರ್ ಆಗಲು ಸಾಮಾನ್ಯವಾಗಿ 15ರಿಂದ 20 ವರ್ಷ ಬೇಕು. ನಿಯಮಿತ ತಪಾಸಣೆ ಫಲ ಕೊಡುವುದು ಈ ನಿಧಾನದಿಂದಲೇ.

ಎರಡನೇ ಭೇಟಿಯಲ್ಲಷ್ಟೇ ನಿಜವಾದ ನೋವು ಹೊರಬಿತ್ತು: "ಇದು ಅವರಿಂದ ಬಂದದ್ದಾ? ಅಲ್ಲಿ ಯಾರಾದರೂ ಇದ್ದಾರಾ?" ಈ ಪ್ರಶ್ನೆಯನ್ನು ನಾವೇ ಕೇಳದಿದ್ದರೆ ಬಹುಪಾಲು ಹೆಂಗಸರು ಬಾಯಿ ಬಿಡುವುದಿಲ್ಲ. ಉತ್ತರ ನೇರವಾಗಿರಬೇಕು. ಲೈಂಗಿಕ ಸಂಪರ್ಕ ಇರುವ ಹೆಚ್ಚಿನವರಿಗೆ ಜೀವನದಲ್ಲಿ ಒಮ್ಮೆಯಾದರೂ ಈ ವೈರಸ್ ತಗಲುತ್ತದೆ. ವರ್ಷಗಟ್ಟಲೆ ಸುಮ್ಮನಿದ್ದು ಆಮೇಲೆ ಕಾಣಿಸಿಕೊಳ್ಳಬಹುದು. ಯಾವಾಗ, ಯಾರಿಂದ ಬಂತೆಂದು ಯಾವ ಪರೀಕ್ಷೆಯೂ ಹೇಳಲಾರದು. ವರದಿ ಯಾರ ನಡತೆಗೂ ಸಾಕ್ಷಿಯಲ್ಲ. ಗಂಡನ ಜೊತೆ ಮಾತು ಕಾಲ್ಪೊಸ್ಕೊಪಿ ಮುಗಿದ ಮೇಲೆ ಇರಲಿ, ರಾತ್ರಿಯ ವಿಡಿಯೊ ಕಾಲ್‌ನಲ್ಲಿ ಆರೋಪದಿಂದ ಶುರುವಾಗುವುದು ಬೇಡ ಎಂದು ಸೂಚಿಸಲಾಯಿತು.

ನೆಂಟರೊಬ್ಬರು "ಗರ್ಭಕೋಶ ತೆಗೆಸಿಬಿಡು, ತಲೆನೋವೇ ಇಲ್ಲ" ಅಂದಿದ್ದರಂತೆ. ನಮ್ಮ ಕಡೆ ಎಷ್ಟು ಸಲೀಸಾಗಿ ಈ ಮಾತು ಬರುತ್ತದೆ! ಎಲ್‌ಎಸ್‌ಐಎಲ್‌ ಒಂದಕ್ಕೇ ಆ ಶಸ್ತ್ರಕ್ರಿಯೆ ಬೇಕಿಲ್ಲ. ಮುಂದೆ ದೊಡ್ಡ ಮಟ್ಟದ ಬದಲಾವಣೆ ಸಿಕ್ಕರೂ ಸಾಮಾನ್ಯವಾಗಿ ಆ ಭಾಗವನ್ನಷ್ಟೇ ತೆಗೆಯುತ್ತಾರೆ ಅಥವಾ ನಾಶಪಡಿಸುತ್ತಾರೆ.

ಕಾಲ್ಪೊಸ್ಕೊಪಿಯ ಹೆದರಿಕೆಗೆ ಏನೇನು ನಡೆಯುತ್ತದೆಂದು ಕ್ರಮವಾಗಿ ತಿಳಿಸಿದ್ದೇ ಹೆಚ್ಚು ಉಪಯೋಗಕ್ಕೆ ಬಂತು. ಮುಟ್ಟಿನ ದಿನಗಳನ್ನು ಬಿಟ್ಟು ದಿನಾಂಕ ತೆಗೆದುಕೊಳ್ಳಿ. ಹಿಂದಿನ 48 ಗಂಟೆ ಸಂಭೋಗವಾಗಲಿ, ಯೋನಿಯೊಳಗೆ ಕ್ರೀಮ್ ಹಚ್ಚುವುದಾಗಲಿ, ನೀರು ಹಾಯಿಸಿ ತೊಳೆಯುವುದಾಗಲಿ ಬೇಡ. ಪ್ಯಾಪ್‌ನಂತೆಯೇ ಸ್ಪೆಕ್ಯುಲಮ್ (ಯೋನಿಯನ್ನು ಅಗಲಿಸಿ ಹಿಡಿಯುವ ಸಾಧನ) ಇಟ್ಟು, 3ರಿಂದ 5 ಶೇಕಡಾ ಅಸಿಟಿಕ್ ಆಮ್ಲ ಹಚ್ಚುತ್ತಾರೆ, ತುಸು ಉರಿಯಬಹುದು. ಬದಲಾದ ಜಾಗ ಬೆಳ್ಳಗಾಗುತ್ತದೆ, ಅದನ್ನು ಹೊರಗಿನಿಂದಲೇ ಭೂತಗನ್ನಡಿಯಂಥ ಉಪಕರಣದಲ್ಲಿ ನೋಡುತ್ತಾರೆ. ಬೇಕಿದ್ದರೆ ಚೂರು ಅಂಗಾಂಶ ತೆಗೆಯುತ್ತಾರೆ. ಚಿವುಟಿದಂತಾಗುತ್ತದೆ, ಆ ಕ್ಷಣ ಕೆಮ್ಮಿದರೆ ನೋವು ಕಡಿಮೆ ಅನಿಸುತ್ತದೆ. ಒಟ್ಟು 10ರಿಂದ 20 ನಿಮಿಷ. "ನಾನು ಕೈ ಎತ್ತಿದರೆ ನಿಲ್ಲಿಸಿ" ಎಂದು ಮೊದಲೇ ಹೇಳಿಡಬಹುದು. ಆಮೇಲೆ ಕೆಲದಿನ ಕಾಫಿಪುಡಿಯಂಥ ಸ್ರಾವ ಸಹಜ. ಗಂಟೆಗೊಂದು ಪ್ಯಾಡ್ ನೆನೆಯುವಷ್ಟು ರಕ್ತ, ಜ್ವರ, ದುರ್ವಾಸನೆ ಇದ್ದರೆ ಆಸ್ಪತ್ರೆಗೆ ಹೋಗಿ.

ಫೋನಿನ ಹುಡುಕಾಟಕ್ಕೆ ಸಂಜೆ 6ರಿಂದ 6.20 ಎಂದು ಸಮಯ ಕಟ್ಟಲಾಯಿತು. ಉಳಿದ ಹೊತ್ತು ಬರುವ ಪ್ರಶ್ನೆಗಳು ನೋಟ್‌ಬುಕ್ಕಿಗೆ, ಅಲ್ಲಿಂದ ವೈದ್ಯರ ಬಳಿಗೆ. ಜೊತೆಗೆ ತಂಗಿ ಹೋದರು. ಅತ್ತೆಗೆ ಹೇಳಲೇಬೇಕೆಂಬ ಒತ್ತಾಯ ನಾವು ಮಾಡಲಿಲ್ಲ.

ತೆಗೆದ ಅಂಗಾಂಶದ ಪರೀಕ್ಷೆಯಲ್ಲಿ (ಬಯಾಪ್ಸಿ) ಸಿಐಎನ್-1, ಅಂದರೆ ಸಣ್ಣ ಮಟ್ಟದ ಬದಲಾವಣೆಯೇ ಬಂತು. ಚಿಕಿತ್ಸೆ ಇಲ್ಲ, ಒಂದು ವರ್ಷಕ್ಕೆ ಮರುಪರೀಕ್ಷೆ. "ಏನೂ ಮಾಡದೆ ಬಿಟ್ಟರಲ್ಲ" ಎಂಬ ಹೊಸ ಕಳವಳ ಇಲ್ಲಿ ಹುಟ್ಟುತ್ತದೆ. ಹೆಚ್ಚಿನ ಸಿಐಎನ್-1 ತಾನಾಗಿ ಮಾಯುವುದರಿಂದಲೇ ಕಾಯುತ್ತಾರೆ ಎಂದು ವಿವರಿಸಿ, ಮರುಪರೀಕ್ಷೆಯ ತಿಂಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಸಲಾಯಿತು. ಜಿಎಡಿ-7 ಅಂಕ 6ಕ್ಕೆ ಇಳಿದಿತ್ತು. ಮರುಪರೀಕ್ಷೆ ಹತ್ತಿರವಾದಾಗ ನಿದ್ದೆ ಮತ್ತೆ ಕೆಡಬಹುದು; ಎರಡು ವಾರ ದಾಟಿದರೆ ಬರಬೇಕು, ರಾತ್ರಿ ತಡೆಯಲಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಬೇಕು ಎಂದು ತಿಳಿಸಲಾಗಿದೆ.