ಶಿರಸಿಗೆ ಹೊಸಬರಾ? ಒಂದು ಆಟಕ್ಕೆ ಹೋಗಿ

ವರ್ಗವಾಗಿ ಶಿರಸಿಗೆ ಬಂದಿದ್ದೀರಿ, ಪರಿಚಯದವರು ಯಾರೂ ಇಲ್ಲ, ಇಲ್ಲಿನವರ ಹತ್ತಿರ ಮಾತು ಶುರು ಮಾಡೋದು ಹೇಗೆ ಅಂತ ಕೇಳಿದ್ದೀರಿ. ಯಕ್ಷಗಾನಕ್ಕೆ ಹೋಗಿ ಸರ್. ಇಲ್ಲಿ ಅದಕ್ಕೆ ಸುಮ್ನೆ 'ಆಟ' ಅಂತಾರೆ.

ಕಥೆ ಅರ್ಥ ಆಗದಿದ್ದರೂ ಪರವಾಗಿಲ್ಲ. ಪಕ್ಕದಲ್ಲಿ ಕೂತವರನ್ನು "ಈ ವೇಷ ಯಾರದ್ದು?" ಅಂತ ಒಂದು ಮಾತು ಕೇಳಿ, ಸಾಕು. ಪಾತ್ರ ಯಾವುದು, ವೇಷ ಹಾಕಿದವರು ಯಾವ ಊರಿನವರು, ಇದೇ ಪಾತ್ರವನ್ನು ಹಿಂದೆ ಯಾರು ಹೇಗೆ ಮಾಡುತ್ತಿದ್ದರು, ಇವತ್ತು ಹಾಡುವ ಭಾಗವತರ ಕಂಠ ಹೇಗಿದೆ, ಎಲ್ಲ ಹೇಳುತ್ತಾರೆ. ಮಧ್ಯದಲ್ಲಿ ಚಂಡೆ ಏರಿದರೆ ಇಬ್ಬರೂ ಮಾತು ನಿಲ್ಲಿಸಿ ರಂಗಸ್ಥಳ ನೋಡುತ್ತೀರಿ, ಕುಣಿತ ಮುಗಿದ ಕೂಡಲೇ ಅವರೇ ನಿಮ್ಮ ಕಡೆ ತಿರುಗಿ "ಹೆಂಗಿತ್ತು?" ಅಂತ ಕೇಳುತ್ತಾರೆ. ಆಮೇಲೆ ಹೊರಗೆ ಚಾ ಕುಡಿಯೋಕೆ ಒಟ್ಟಿಗೇ ಹೋಗ್ತೀರಿ, ಅಷ್ಟೇ.

ಒಂದು ವಿಷಯ ಗೊತ್ತಿರಲಿ. 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆ ಕಟ್ಟಿದ ಇಡಗುಂಜಿ ಮೇಳ ಇದೇ ಜಿಲ್ಲೆಯದು. 2012ರಲ್ಲಿ ಪದ್ಮಶ್ರೀ ಪಡೆದ ಯಕ್ಷಗಾನ ಕಲಾವಿದ ಚಿಟ್ಟಾಣಿ ರಾಮಚಂದ್ರ ಹೆಗಡೆ ಕೂಡ ಹೊನ್ನಾವರದ ಕಡೆಯವರೇ. ವಯಸ್ಸಾದವರ ಹತ್ತಿರ "ಚಿಟ್ಟಾಣಿಯವರ ಭಸ್ಮಾಸುರ ನೋಡಿದ್ದೀರಾ?" ಅಂತ ಕೇಳಿ ನೋಡಿ, ಮುಖ ಅರಳುತ್ತದೆ. ಜಾತಿ, ಕೆಲಸ, ಸಂಬಳ ಯಾವುದೂ ಆ ಮಾತಿನಲ್ಲಿ ಬರೋದಿಲ್ಲ, ನನಗೆ ತುಂಬಾ ಇಷ್ಟವಾಗೋದು ಅದೇ.

ಕಾರವಾರದ ಕಡೆ ಹೋದರೆ ಕೊಂಕಣಿ ನಾಟಕಕ್ಕೂ ಇದೇ ಥರ ಜನ ಸೇರುತ್ತಾರೆ. ಶಿರಸಿಯಲ್ಲಂತೂ ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆ ಇದೆ, ಆಗ ನಾಟಕ ಕಂಪನಿಗಳೂ ಬರುತ್ತವೆ. ಆದರೆ ಅಲ್ಲಿವರೆಗೆ ಕಾಯಬೇಡಿ. ನಿಮ್ಮ ಆಫೀಸಿನಲ್ಲೇ ಯಾರಿಗಾದರೂ ಆಟದ ಹುಚ್ಚು ಇದ್ದೇ ಇರುತ್ತದೆ, ನಾಳೆನೇ ವಿಚಾರಿಸಿ.