ಸ್ಕ್ರ್ಯಾಂಬಲ್ಡ್ ಎಗ್ ನೀರು ಬಿಡೋದು ಯಾಕೆ?

ಮೂರು ಮೊಟ್ಟೆಗೆ ಅರ್ಧ ಲೋಟ ಹಾಲು ಹಾಕಿದ್ರೂ ರಬ್ಬರ್ ಥರ ಆಗುತ್ತೆ, ತಟ್ಟೇಲಿ ನೀರು ನಿಲ್ಲುತ್ತೆ, ರುಚಿನೂ ಇರಲ್ಲ ಅಂದ್ರಲ್ಲ, ಮೊದಲು ಆ ಹಾಲು ಬಿಡಿ. ಹಾಲಲ್ಲಿ ಬಹುಪಾಲು ನೀರೇ. ಮೊಟ್ಟೆಯ ರುಚಿ ಸಪ್ಪಗಾಗೋದು ಅದರಿಂದಲೇ. ತೀರಾ ಬೇಕು ಅನ್ಸಿದ್ರೆ ಒಂದು ಚಮಚ ಕ್ರೀಮ್ ಹಾಕಿ, ಸಾಕು.

ಆದ್ರೆ ದೊಡ್ಡ ತಪ್ಪು ಉರಿಯದ್ದು. ಕಲಕಿದ ಮೊಟ್ಟೆ ಸುಮಾರು 73 ಡಿಗ್ರಿ ಸೆಲ್ಸಿಯಸ್‌ಗೆಲ್ಲ ಗಟ್ಟಿಯಾಗುತ್ತೆ. ಅದಕ್ಕಿಂತ ಬಿಸಿ ಏರಿದಷ್ಟೂ ಪ್ರೊಟೀನ್ ಬಿಗಿದುಕೊಂಡು, ಒದ್ದೆ ಬಟ್ಟೆ ಹಿಂಡಿದ ಹಾಗೆ ನೀರನ್ನ ಹೊರಗೆ ತಳ್ಳುತ್ತೆ. ನಿಮ್ಮ ತಟ್ಟೇಲಿ ನಿಲ್ತಿರೋದು ಅದೇ.

ಉಪ್ಪು ಹಾಕಿ ಕಲಕಿ 15 ನಿಮಿಷ ಬಿಡಿ. ಬಣ್ಣ ಸ್ವಲ್ಪ ಗಾಢವಾಗುತ್ತೆ, ಗಾಬರಿ ಬೇಡ, ನೀರು ಬಿಡೋದು ಕಮ್ಮಿಯಾಗುತ್ತೆ. ಆಮೇಲೆ ಸಣ್ಣ ಉರೀಲಿ ಬೆಣ್ಣೆ ಕರಗಿಸಿ. ಅದರ ಚುರುಚುರು ಸದ್ದು ಅಡಗ್ತಾ ಬಂದಾಗ ಮೊಟ್ಟೆ ಸುರಿದು, ಅಂಚು ಕಟ್ಟಿಕೊಳ್ಳೋ ತನಕ ಮುಟ್ಟಬೇಡಿ. ನಂತರ ಅಂಚಿಂದ ಮಧ್ಯಕ್ಕೆ ನಿಧಾನಕ್ಕೆ ತಳ್ತಾ ಹೋಗಿ. ಮೇಲೆ ಇನ್ನೂ ಒದ್ದೆಯಾಗಿ ಹೊಳೀತಿರುವಾಗ್ಲೇ ಒಲೆ ಆರಿಸಿಬಿಡಿ. ಬಾಣಲೆ ಬಿಸಿಗೇ ಉಳಿದದ್ದು ಬೇಯುತ್ತೆ. (ಗರ್ಭಿಣಿಯರಿಗೆ, ಪುಟ್ಟ ಮಕ್ಕಳಿಗೆ ಮಾತ್ರ ಪೂರ್ತಿ ಬೇಯಿಸಿಯೇ ಕೊಡಿ.)

ರುಚಿಗೆ ನನ್ನ ಕಳ್ಳದಾರಿ ಒಂದಿದೆ: ಬೆಣ್ಣೆನ ಹೊಂಬಣ್ಣ ಬಂದು ಘಮ್ ಅನ್ನೋ ತನಕ ಕಾಯಿಸಿ, ಬಾಣಲೆ ಕೆಳಗಿಳಿಸಿ ಒಂದು ನಿಮಿಷ ಆರಿಸಿಕೊಂಡು ಆಮೇಲೆ ಮೊಟ್ಟೆ ಹಾಕ್ತೀನಿ. ಈರುಳ್ಳಿ, ಅಣಬೆ, ಟೊಮೆಟೊ ಏನೇ ಇದ್ರೂ ಬೇರೆಯಾಗಿ ಹುರಿದು ನೀರು ಇಂಗಿಸಿಕೊಳ್ಳಿ. ಹಸಿ ಟೊಮೆಟೊ ನೇರ ಹಾಕಿದ್ರೆ ಮತ್ತೆ ಅದೇ ಕೆರೆ! ಕಾಳುಮೆಣಸು ಇಳಿಸಿದ ಮೇಲೆ ಕುಟ್ಟಿ ಉದುರಿಸಿ.