2020ರ ಡಿಸೆಂಬರ್‌ನಲ್ಲಿ ಶುರುವಾದ ವಿಶ್ವ ಜೂನಿಯರ್ (20 ವರ್ಷದೊಳಗಿನವರ) ಐಸ್ ಹಾಕಿ ಟೂರ್ನಿಯಲ್ಲಿ ಜರ್ಮನಿ ಕೆನಡಾಗೆ 16-2ರಲ್ಲಿ ಸೋತಿದ್ದು ಯಾಕೆ? ತಂಡ ಅಷ್ಟೊಂದು ದುರ್ಬಲವಾಗಿತ್ತಾ?

ದುರ್ಬಲ ಅನ್ನೋದಕ್ಕಿಂತ ಸುಸ್ತಾಗಿತ್ತು ಅನ್ನಬೇಕು. ಪಂದ್ಯ ನಡೆದಿದ್ದು ಡಿಸೆಂಬರ್ 26ರಂದು, ಕೆನಡಾದ ಎಡ್ಮಂಟನ್‌ನಲ್ಲಿ, ಪ್ರೇಕ್ಷಕರೇ ಇಲ್ಲದ ಮೈದಾನದಲ್ಲಿ. ಕೋವಿಡ್ ಕಾಲ ಅಲ್ವಾ, ಜರ್ಮನಿಯ ಹಲವು ಹುಡುಗರು ಕ್ವಾರಂಟೈನ್‌ನಲ್ಲಿದ್ದರು. ಗೋಲ್‌ಕೀಪರ್‌ಗಳನ್ನು ಬಿಟ್ಟರೆ ಆಡಲು ಸಿಕ್ಕಿದ್ದು ಬರೀ 14 ಜನ. ಅವರೂ ಹಿಂದಿನ ದಿನವಷ್ಟೇ ಫಿನ್ಲೆಂಡ್ ವಿರುದ್ಧ ಆಡಿ 5-3ರಲ್ಲಿ ಸೋತು ಬಂದಿದ್ದರು.

ಐಸ್ ಹಾಕಿಯಲ್ಲಿ ಇದು ಯಾಕೆ ಇಷ್ಟು ದೊಡ್ಡ ಹೊಡೆತ ಅಂದರೆ, ಇಲ್ಲಿ ಯಾರೂ ಪೂರ್ತಿ ಹೊತ್ತು ಆಡುವುದಿಲ್ಲ. ಮುಕ್ಕಾಲು ನಿಮಿಷ ಜೀವ ಬಿಟ್ಟು ಸ್ಕೇಟ್ ಮಾಡುವುದು, ಬೆಂಚಿಗೆ ಬಂದು ಏದುಸಿರು ಬಿಡುವುದು, ಅಷ್ಟರಲ್ಲಿ ಇನ್ನೊಂದು ಗುಂಪು ಇಳಿದಿರುತ್ತದೆ. ಸಾಮಾನ್ಯವಾಗಿ 20 ಜನ ಹಂಚಿಕೊಳ್ಳುವ ಕೆಲಸ ಇದು. 14 ಜನರಾದರೆ ಉಸಿರು ಹಿಂತಿರುಗುವ ಮೊದಲೇ ಮತ್ತೆ ಇಳಿಯಬೇಕು. ಕಾಲು ಸೋತ ಡಿಫೆಂಡರ್ ಅರ್ಧ ಹೆಜ್ಜೆ ಹಿಂದೆ ಬಿದ್ದರೂ ಗೋಲ್ ಹೋಯಿತು ಅಂತಲೇ ಲೆಕ್ಕ. ಅದರ ಮೇಲೆ ಎದುರಿಗಿದ್ದಿದ್ದು ಕೆನಡಾ. ಡಿಲನ್ ಕೋಜನ್ಸ್ ಒಬ್ಬನೇ ಮೂರು ಗೋಲ್ ಹೊಡೆದ.

ಹಾಗಾದರೆ ಕೆನಡಾ ಸುಮ್ನೆ ನಿಧಾನ ಮಾಡಬಹುದಿತ್ತಲ್ಲ ಅಂತೀರಾ? ಗುಂಪಿನಲ್ಲಿ ಅಂಕ ಸಮ ಆದರೆ ಗೋಲ್ ವ್ಯತ್ಯಾಸವೂ ಲೆಕ್ಕಕ್ಕೆ ಬರಬಹುದು. ನನಗಂತೂ ಕೆನಡಾ ಗೋಲ್ ಹೊಡೆಯುತ್ತಲೇ ಹೋಗಿದ್ದರಲ್ಲಿ ತಪ್ಪು ಕಾಣುವುದಿಲ್ಲ.

ಅದೇ ಜರ್ಮನಿ ಮುಂದೆ ಸ್ಲೊವಾಕಿಯಾ, ಸ್ವಿಟ್ಜರ್ಲೆಂಡ್ ಎರಡನ್ನೂ ಸೋಲಿಸಿ ಕ್ವಾರ್ಟರ್ ಫೈನಲ್‌ಗೆ ಹೋಯಿತು. ಅಲ್ಲಿ ರಷ್ಯಾಗೆ ಸೋತಿದ್ದು ಬರೀ 2-1ರಲ್ಲಿ.